ಪಾನುಮ್ ಎಣಿಸಿದ 14 ದಿನ

ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಜ್ವರ, ಕೆಮ್ಮು ಶುರುವಾದರೆ ಸಾಕು, ಸ್ವಲ್ಪ ದಿನದಲ್ಲಿ ಅರ್ಧ ಫ್ಲೋರ್ ಮಲಗಿರುತ್ತೆ. ಆಮೇಲೆ ಜಗಳ. ನಿನ್ನಿಂದಲೇ ನನಗೆ ಬಂದಿದ್ದು ಅಂತ ಒಬ್ಬ, ಇಲ್ಲ ನಿನ್ನ ರೂಮ್‌ಮೇಟ್‌ನಿಂದ ಅಂತ ಇನ್ನೊಬ್ಬ. ಈ ಜಗಳ ಬಗೆಹರಿದಿದ್ದನ್ನು ನಾವಂತೂ ನೋಡಿಲ್ಲ. ಮೆಸ್ಸು, ಕ್ಲಾಸು, ಲ್ಯಾಬು, ಬಸ್ಸು ಅಂತ ದಿನಕ್ಕೆ ನೂರಾರು ಜನರ ಪಕ್ಕ ಕೂತು ಎದ್ದು ಬರೋರಿಗೆ ಯಾರಿಂದ, ಯಾವತ್ತು ಅಂಟಿತು ಅಂತ ಗೊತ್ತಾಗೋದಾದರೂ ಹೇಗೆ?

ಸುಮಾರು 180 ವರ್ಷದ ಹಿಂದೆ ಯುರೋಪಿನ ವೈದ್ಯರೂ ಇದೇ ಜಗಳ ಆಡ್ತಿದ್ದರು. ಕಾಯಿಲೆಗಳು ಕೊಳೆತ ಜಾಗದ ಕೆಟ್ಟ ಗಾಳಿಯಿಂದ ತಾವಾಗಿಯೇ ಹುಟ್ಟುತ್ತವೆ ಅಂತ ಒಂದು ಗುಂಪು; ಮನುಷ್ಯನಿಂದ ಮನುಷ್ಯನಿಗೆ ದಾಟುತ್ತವೆ ಅಂತ ಇನ್ನೊಂದು. ಕೇಳೋಕೆ ಬರೀ ಥಿಯರಿ ಜಗಳ ಅನಿಸುತ್ತೆ. ಆದರೆ ಮೊದಲನೆಯವರು ಹೇಳಿದ್ದು ನಿಜವಾದರೆ ರೋಗಿಯನ್ನು ಬೇರೆ ಇಡೋದು ದಂಡ, ಬಂದ ಹಡಗನ್ನು ತಡೆಯೋದೂ ದಂಡ. ಎರಡನೆಯವರದು ನಿಜವಾದರೆ ಬಾಗಿಲು ಹಾಕಿಕೊಂಡ ಮನೆಯ ಮಗು ಬದುಕುತ್ತೆ. ಈ ಜಗಳದಲ್ಲಿ ಒಂದು ಕಾಯಿಲೆಯ ಮಟ್ಟಿಗೆ ತೀರ್ಪು ಹೇಳಿದವರು ಪೀಟರ್ ಲುಡ್ವಿಗ್ ಪಾನುಮ್. ಆಗ ಅವರ ವಯಸ್ಸು 25. ನಮ್ಮ ಫೈನಲ್ ಇಯರ್‌ನವರಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು, ಅಷ್ಟೇ.

ಪಾನುಮ್ ಹುಟ್ಟಿದ್ದು 1820ರ ಡಿಸೆಂಬರ್‌ನಲ್ಲಿ, ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದ ರೋನೆ ಪಟ್ಟಣದಲ್ಲಿ. ಕೋಪನ್‌ಹೇಗನ್‌ನಲ್ಲಿ ವೈದ್ಯಕೀಯ ಓದಿ 1845ರಲ್ಲಿ ಮುಗಿಸಿದರು. ಮರುವರ್ಷವೇ ಸರ್ಕಾರದಿಂದ ಕೆಲಸ ಬಂತು: ಫ್ಯಾರೋ ದ್ವೀಪಗಳಲ್ಲಿ ದಡಾರ ಎದ್ದಿದೆ, ಹೋಗಿ ನೋಡಿ ಅಂತ. ಜೊತೆಗೆ ಮನಿಕುಸ್ ಎಂಬ ಇನ್ನೊಬ್ಬ ವೈದ್ಯ.

ದಡಾರ ಅಂದರೆ ಗೊತ್ತಲ್ಲ, ಕೆಲವು ಕಡೆ ಗೊಬ್ಬರ ಅಂತಲೂ ಅಂತಾರೆ. ನಮ್ಮ ಅಜ್ಜಿಯರು ಅಮ್ಮ ಬಂದಿದೆ ಅನ್ನುತ್ತಿದ್ದ ಕಾಯಿಲೆಗಳಲ್ಲಿ ಇದೂ ಒಂದು. ಮೈಮೇಲೆ ಕೆಂಪು ದದ್ದು ಏಳೋದರಿಂದ ಚರ್ಮದ ಕಾಯಿಲೆ ಅಂದುಕೊಳ್ತೀವಿ. ಆದರೆ ಈ ವೈರಸ್ ಒಳಗೆ ಹೋಗೋದೂ ಹೊರಗೆ ಬರೋದೂ ಉಸಿರಿನ ದಾರಿಯಲ್ಲೇ. ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು, ದದ್ದು ಆಮೇಲೆ.

ಇನ್ನು ಫ್ಯಾರೋ. ಸ್ಕಾಟ್ಲೆಂಡ್, ಐಸ್‌ಲ್ಯಾಂಡ್, ನಾರ್ವೆಗಳ ನಡುವೆ ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದಿರುವ 18 ಕಲ್ಲಿನ ದ್ವೀಪಗಳು. ಜನವಸತಿ ಇದ್ದದ್ದು 17ರಲ್ಲಿ. ವ್ಯಾಪಾರವೆಲ್ಲ ಡೆನ್ಮಾರ್ಕ್ ಸರ್ಕಾರದ ಏಕಸ್ವಾಮ್ಯ, ಹಾಗಾಗಿ ಹೊರಗಿನ ಹಡಗು ಬರೋದೇ ಅಪರೂಪ. ಅಲ್ಲಿಗೆ ದಡಾರ ಕೊನೆಯ ಸಲ ಬಂದಿದ್ದು 1781ರಲ್ಲಿ. ನಡುವೆ 65 ವರ್ಷ ಆ ಕಾಯಿಲೆಯ ಸುಳಿವೇ ಇರಲಿಲ್ಲ.

1846ರ ಮಾರ್ಚ್ 20ರಂದು ಒಬ್ಬ ಬಡಗಿ ಕೋಪನ್‌ಹೇಗನ್ ಬಿಟ್ಟ. ಹೊರಡುವ ಸ್ವಲ್ಪ ಮುಂಚೆ ಅಲ್ಲಿ ದಡಾರದ ರೋಗಿಗಳನ್ನು ನೋಡಲು ಹೋಗಿದ್ದ. 28ಕ್ಕೆ ಫ್ಯಾರೋದ ಮುಖ್ಯ ಪಟ್ಟಣ ಟೋರ್ಸ್‌ಹಾವ್ನ್ ತಲುಪಿದಾಗ ಗುಂಡುಕಲ್ಲಿನ ಹಾಗಿದ್ದ. ಏಪ್ರಿಲ್ ಮೊದಲಲ್ಲಿ ಮಲಗಿದ. ಅವನ ನಂತರ ಮಲಗಿದವರು ಅವನ ಇಬ್ಬರು ಆಪ್ತ ಗೆಳೆಯರು. ಅಲ್ಲಿಂದ ಆರು ತಿಂಗಳ ಆಸುಪಾಸಿನಲ್ಲಿ ದ್ವೀಪಗಳ 7,782 ಜನರಲ್ಲಿ ಸುಮಾರು 6,000 ಮಂದಿಗೆ ಕಾಯಿಲೆ ಬಂತು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದರೆ ನೀರು ಕೊಡೋರು ಯಾರು, ಹಸುವಿಗೆ ಹುಲ್ಲು ಹಾಕೋರು ಯಾರು?

ಪಾನುಮ್ ಹತ್ತಿರ ಏನಿತ್ತು ಅಂತ ಯೋಚಿಸಿ. ವೈರಸ್ ಎಂಬುದೇ ಆಗ ಯಾರಿಗೂ ಗೊತ್ತಿಲ್ಲ. ರಕ್ತಪರೀಕ್ಷೆ ಇಲ್ಲ, ಔಷಧಿ ಇಲ್ಲ. ಇದ್ದದ್ದು ಒಂದು ದೋಣಿ, ಒಂದು ನೋಟ್‌ಬುಕ್ಕು, ಕೇಳುವ ತಾಳ್ಮೆ. ಊರಿಂದ ಊರಿಗೆ ಹೋಗಿ ಮನೆಮನೆಯಲ್ಲೂ ಎರಡೇ ಪ್ರಶ್ನೆ ಕೇಳಿದರು. ನಿಮಗೆ ದದ್ದು ಎದ್ದಿದ್ದು ಯಾವತ್ತು? ಅದಕ್ಕೆ ಮುಂಚೆ ಹೊರಗಿನವರು ಯಾರನ್ನು, ಯಾವತ್ತು ಭೇಟಿ ಮಾಡಿದ್ದಿರಿ?

ಕೋಪನ್‌ಹೇಗನ್‌ನಂಥ ಊರಲ್ಲಿ ಈ ಎರಡನೇ ಪ್ರಶ್ನೆಗೆ ಉತ್ತರವೇ ಸಿಗ್ತಿರಲಿಲ್ಲ, ನಮ್ಮ ಹಾಸ್ಟೆಲ್ ಜಗಳದ ಹಾಗೆ. ಆದರೆ ಫ್ಯಾರೋದ ಹಳ್ಳಿಗಳಿಗೆ ಹೊರಗಿನವರು ಬರೋದೇ ಒಂದು ಘಟನೆ. ಇಂಥ ದಿನ ಇಂಥವನ ದೋಣಿ ಬಂದಿತ್ತು ಅಂತ ಊರಿಗೂರೇ ನೆನಪಿಟ್ಟುಕೊಂಡಿರುತ್ತಿತ್ತು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಹೊಳೆಯುತ್ತೆ: ನಾಯ್ಸ್ ಇಲ್ಲದ ಸಿಸ್ಟಮ್‌ಗೆ ಒಂದೇ ಒಂದು ಇಂಪಲ್ಸ್ ಕೊಟ್ಟು ಔಟ್‌ಪುಟ್ ಎಷ್ಟು ತಡವಾಗಿ ಬರುತ್ತೆ ನೋಡಿದಂತೆ.

ಅತ್ಯಂತ ಸ್ವಚ್ಛವಾದ ಇಂಪಲ್ಸ್ ಸಿಕ್ಕಿದ್ದು ತ್ಯೋರ್ನುವಿಕ್ ಎಂಬ ಪುಟ್ಟ ಹಳ್ಳಿಯಲ್ಲಿ. ಜೂನ್ 4ರಂದು ವೆಸ್ಟ್‌ಮನ್ನಾ ಎಂಬಲ್ಲಿ ತಿಮಿಂಗಿಲ ಬೇಟೆ. ಅಲ್ಲಿನ ಬೇಟೆ ಅಂದರೆ ಸುತ್ತಲ ಊರುಗಳ ದೋಣಿಗಳೆಲ್ಲ ಸೇರಿ ತಿಮಿಂಗಿಲಗಳ ಹಿಂಡನ್ನೇ ದಡಕ್ಕೆ ಅಟ್ಟೋದು. ಜಾತ್ರೆಯಷ್ಟು ಜನ, ಭುಜಕ್ಕೆ ಭುಜ ತಾಗುವ ಕೆಲಸ. ತ್ಯೋರ್ನುವಿಕ್‌ನಿಂದ ಒಂದು ದೋಣಿಯಲ್ಲಿ 10 ಗಂಡಸರು ಹೋಗಿ, ಕೆಲಸ ಮುಗಿಸಿ ವಾಪಸ್ ಬಂದರು. ಜೂನ್ 18ರಂದು ಆ 10 ಜನಕ್ಕೂ ಒಂದೇ ದಿನ ದದ್ದು ಎದ್ದಿತು. ಊರಲ್ಲಿ ಆಗ ಬೇರೆ ಯಾರಿಗೂ ಇಲ್ಲ. ಅಲ್ಲಿಂದ ಮತ್ತೆ ಸುಮಾರು ಎರಡು ವಾರಕ್ಕೆ ಊರಿನ ಉಳಿದವರಲ್ಲಿ ಹೆಚ್ಚಿನವರು ಮಲಗಿದರು.

ಕೆಟ್ಟ ಗಾಳಿ ಊರಿನ ಮೇಲೆ ಬೀಸಿದ್ದರೆ ದೋಣಿಯಲ್ಲಿ ಹೋದವರನ್ನಷ್ಟೇ ಆರಿಸಿಕೊಂಡು, ಅದೂ ಒಂದೇ ದಿನ ಹಿಡಿಯೋಕೆ ಸಾಧ್ಯವೇ? ಬೇರೆ ಬೇರೆ ಹಳ್ಳಿಗಳ ಲೆಕ್ಕ ಹಾಕಿದರೂ ಪಾನುಮ್‌ಗೆ ಬಂದ ಉತ್ತರ ಅದೇ: ರೋಗಿಯ ಜೊತೆ ಒಡನಾಡಿದ ದಿನದಿಂದ ದದ್ದು ಏಳುವ ದಿನದವರೆಗೆ 13 ಅಥವಾ 14 ದಿನ. ಈ ನಡುವೆ ಮನುಷ್ಯ ಹೆಚ್ಚಿನ ದಿನ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಹಡಗು ಇಳಿದ ಬಡಗಿಯ ಗುಟ್ಟು ಇದೇ.

ಇನ್ನೊಂದು ವಿಷಯ ನಮಗೆ ಇದಕ್ಕಿಂತ ಇಷ್ಟವಾಯಿತು. 1781ರಲ್ಲಿ ಚಿಕ್ಕವರಿದ್ದಾಗ ದಡಾರ ಬಂದು ವಾಸಿಯಾಗಿದ್ದ 98 ಮುದುಕ ಮುದುಕಿಯರನ್ನು ಪಾನುಮ್ ಲೆಕ್ಕ ಹಾಕಿದರು. ಆ 98ರಲ್ಲಿ ಒಬ್ಬರಿಗೂ ಈ ಸಲ ಬಂದಿರಲಿಲ್ಲ. ವಯಸ್ಸಾಗಿದ್ದಕ್ಕೆ ಬರಲಿಲ್ಲ ಅನ್ನೋಣ ಅಂದರೆ, ಆಗ ತಪ್ಪಿಸಿಕೊಂಡಿದ್ದ ಕೆಲವು ಮುದುಕರನ್ನು ಈಗ ಹಿಡಿದಿತ್ತು. ಒಮ್ಮೆ ಬಂದು ಹೋದರೆ ದೇಹ 65 ವರ್ಷವಾದರೂ ಅದನ್ನು ಮರೆಯೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಡೇಟಾ ಎಲ್ಲಿ ಸಿಗಬೇಕು? ಬೇಕು ಅಂತ ಇಂಥ ಪ್ರಯೋಗ ಮಾಡೋಕೆ ಆಗುತ್ತಾ?

ಹೊರಗಿನವರನ್ನು ಒಳಗೆ ಬಿಡದೆ ಗಟ್ಟಿಯಾಗಿ ಕೂತ ಹಳ್ಳಿಗಳೂ ಮನೆಗಳೂ ಪಾರಾಗಿದ್ದವು. ಅದನ್ನೂ ಅವರು ಬರೆದರು. ಕೆಟ್ಟ ಗಾಳಿ ಅಲ್ಲ, ಅಂಟುವ ಕಾಯಿಲೆ. ಬೇರೆ ಇಡೋದೇ ದಾರಿ ಅಂತ 1847ರಲ್ಲಿ ವರದಿ ಪ್ರಕಟಿಸಿದರು. ಜರ್ಮನಿಯ ದೊಡ್ಡ ವೈದ್ಯ ವಿರ್ಕೋ ಆಗಷ್ಟೇ ಶುರುಮಾಡಿದ್ದ ಪತ್ರಿಕೆಯಲ್ಲೂ ಅದು ಬಂತು.

ಒಂದು ಕಡೆ ಮಾತ್ರ ಲೆಕ್ಕ ಪೂರ್ತಿ ಆಗಿರಲಿಲ್ಲ. ದದ್ದು ಏಳುವ ಹೊತ್ತಿನಲ್ಲೇ ಕಾಯಿಲೆ ಹರಡುತ್ತೆ ಅಂತ ಅವರು ಅಂದುಕೊಂಡಿದ್ದರು. ಈಗ ಗೊತ್ತಿರುವಂತೆ ದದ್ದು ಏಳುವ ನಾಲ್ಕು ದಿನ ಮುಂಚಿನಿಂದಲೇ, ಅಂದರೆ ಬರೀ ನೆಗಡಿ ಅಂದುಕೊಂಡು ಓಡಾಡುವಾಗಲೇ, ರೋಗಿ ಹಂಚೋಕೆ ಶುರುಮಾಡಿರುತ್ತಾನೆ. ಎದ್ದ ಮೇಲೂ ನಾಲ್ಕು ದಿನ. ಕೆಮ್ಮಿದ ಗಾಳಿ ರೂಮಿನಲ್ಲಿ ಎರಡು ಗಂಟೆವರೆಗೂ ಅಂಟಿಸಬಲ್ಲದು. ಲಸಿಕೆ ಇಲ್ಲದ, ಮುಂಚೆ ಕಾಯಿಲೆ ಬಂದಿರದ 10 ಜನ ಹತ್ತಿರ ಇದ್ದರೆ ಅವರಲ್ಲಿ 9 ಜನಕ್ಕೆ ಬರುತ್ತೆ. ಹಾಗೆ ನೋಡಿದರೆ ಗಾಳಿ ಅಂದವರ ಮಾತಲ್ಲೂ ಒಂದಿಷ್ಟು ಹುರುಳಿತ್ತು. ಆದರೆ ಅದು ಕೊಳೆತ ಜಾಗದ ಗಾಳಿಯಲ್ಲ, ಪಕ್ಕದವನು ಬಿಟ್ಟ ಉಸಿರು.

2020ರಲ್ಲಿ ನಾವು ಹೈಸ್ಕೂಲಲ್ಲಿ ಇದ್ದಾಗ ಕರ್ನಾಟಕದ ಆರೋಗ್ಯ ಇಲಾಖೆಯ ಬುಲೆಟಿನ್‌ನಲ್ಲಿ ಪ್ರತಿ ರೋಗಿಗೂ ಒಂದು ಪಿ ನಂಬರ್, ಪಕ್ಕದಲ್ಲಿ ಇವರು ಯಾವ ನಂಬರಿನವರ ಸಂಪರ್ಕ ಅಂತ ಇರುತ್ತಿತ್ತು, ನೆನಪಿದೆಯಾ? ವೈರಸ್ ಬೇರೆ, ಅದರ 14 ದಿನದ ಲೆಕ್ಕವೂ ಬೇರೆ ಕಡೆಯಿಂದ ಬಂದದ್ದು. ಆದರೆ ಕೇಳುತ್ತಿದ್ದ ಪ್ರಶ್ನೆಗಳು ಮಾತ್ರ ಅವೇ ಎರಡು.

ಫ್ಯಾರೋದಿಂದ ಬಂದ ಮೇಲೆ ಪಾನುಮ್ ಮತ್ತೆ ಸಾಂಕ್ರಾಮಿಕಗಳ ಹಿಂದೆಯೇ ಉಳಿಯಲಿಲ್ಲ. ಪ್ಯಾರಿಸ್‌ಗೆ ಹೋಗಿ ಕ್ಲೋಡ್ ಬರ್ನಾರ್ ಹತ್ತಿರ ಶರೀರಕ್ರಿಯೆ ಕಲಿತರು. 1853ರಲ್ಲಿ ಕೀಲ್‌ನಲ್ಲಿ ಪ್ರೊಫೆಸರ್. ಕೊಳೆತ ದ್ರವವನ್ನು ಗಂಟೆಗಟ್ಟಲೆ ಕುದಿಸಿದರೂ ಅದರ ವಿಷ ಹೋಗೋದಿಲ್ಲ ಅಂತ ತೋರಿಸಿದರು. ಒಂದು ಪ್ರಾಣಿಗೆ ಅದೇ ಜಾತಿಯ ಪ್ರಾಣಿಯ ರಕ್ತವನ್ನೇ ಕೊಡಬೇಕು ಅಂತ ವಾದಿಸಿದರು. ಎರಡು ಕಣ್ಣಿನ ಚಿತ್ರಗಳು ಒಂದು ಮಿತಿಯೊಳಗೆ ಹೊಂದದಿದ್ದರೂ ಮಿದುಳು ಒಂದಾಗಿಸಿಕೊಳ್ಳುತ್ತೆ ಅನ್ನೋದನ್ನು 1858ರಲ್ಲಿ ಬರೆದರು. ಆ ಮಿತಿಗೆ ಪಾನುಮ್ ವಲಯ ಅಂತಲೇ ಹೆಸರು. ವಿಆರ್ ಹೆಡ್‌ಸೆಟ್ ಪ್ರಾಜೆಕ್ಟ್ ಮಾಡೋರು ಅವರ ಹೆಸರನ್ನು ಅಲ್ಲಿ ನೋಡಿರಬಹುದು. 1864ರಲ್ಲಿ ಕೋಪನ್‌ಹೇಗನ್‌ಗೆ ಮರಳಿ ಅಲ್ಲೇ ಪ್ರೊಫೆಸರ್ ಆಗಿದ್ದು, 1885ರ ಮೇ 2ರಂದು ತೀರಿಕೊಂಡರು. ಅಲ್ಲಿನ ವಿಶ್ವವಿದ್ಯಾಲಯದ ವೈದ್ಯಕೀಯ ಕಟ್ಟಡಕ್ಕೆ ಈಗ ಪಾನುಮ್ ಹೆಸರೇ ಇದೆ.

ದಡಾರದ ವೈರಸ್ಸನ್ನು ಮೊದಲು ಬೇರ್ಪಡಿಸಿದ್ದು 1954ರಲ್ಲಿ, ಅಮೆರಿಕದ ಎಂಡರ್ಸ್ ಮತ್ತು ಪೀಬಲ್ಸ್. 1963ಕ್ಕೆ ಲಸಿಕೆ ಬಂತು. ಸಂಪರ್ಕದಿಂದ ದದ್ದಿನವರೆಗೆ ಸರಾಸರಿ ಎಷ್ಟು ದಿನ ಅಂತ ಇವತ್ತಿನ ವೈದ್ಯಕೀಯ ಪಠ್ಯದಲ್ಲಿ ನೋಡಿದರೆ ಈಗಲೂ ಇರೋದು 14 ದಿನ ಅಂತಲೇ.