ಮಕ್ಕಳ ಕೂಟದ ಆರ್. ಕಲ್ಯಾಣಮ್ಮ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನೇ ಬರೆಯೋಣವೆಂದು ಮೊದಲು ಅಂದುಕೊಂಡೆ. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದ್ದರಿಂದ ನಮ್ಮ ಶಾಲೆಯ ಮೆಟ್ಟಿಲನ್ನು ಎಂದೂ ಹತ್ತದ, ನಮ್ಮ ಶಾಲೆ ಹುಟ್ಟುವ ಮೊದಲೇ ತೀರಿಕೊಂಡ ಒಬ್ಬ ತಾಯಿಯ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೂ ನಮ್ಮ ಶಾಲೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕೊನೆಯವರೆಗೆ ಓದಿದರೆ ತಿಳಿದೀತು.

ನಾವು ಚಿಕ್ಕವರಿದ್ದಾಗ ಊರಿನಿಂದ ಮಾರ್ಕೆಟ್ಟಿಗೆ ಹೋಗುವುದೆಂದರೆ ದೊಡ್ಡ ಪ್ರಯಾಣ. ಸಾರಕ್ಕಿಯ ಆಚೆ ಆಗಿನ್ನೂ ರಾಗಿ ಹೊಲ, ಅವರೆ ಸಾಲು. ಜೆ.ಪಿ. ನಗರ ಎಂಬ ಹೆಸರು ಆಗತಾನೇ ಕಿವಿಗೆ ಬೀಳುತ್ತಿತ್ತು. ಅಮ್ಮನ ಜೊತೆ ಬಸ್ಸಿನಲ್ಲಿ ಹೋಗುವಾಗ ಚಾಮರಾಜಪೇಟೆ ಹತ್ತಿರ ಬಂದಂತೆ ಕಂಡಕ್ಟರ್ ‘ಮಕ್ಕಳ ಕೂಟ’ ಎಂದು ಕೂಗುತ್ತಿದ್ದ. ನನಗೆ ಅದೊಂದು ಬಸ್ ಸ್ಟಾಪಿನ ಹೆಸರು, ಅಷ್ಟೇ. ಅಲ್ಲಿ ಮಕ್ಕಳು ಕೂಡುತ್ತಾರೆಯೇ, ಕೂಡಿ ಏನು ಮಾಡುತ್ತಾರೆ ಎಂದು ಕೇಳಬೇಕೆಂದು ತೋಚಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಬಿ.ಇಡಿ. ಓದುವಾಗ, ಕನ್ನಡದ ಹಳೆಯ ಮಹಿಳಾ ಪತ್ರಿಕೆಗಳ ಮೇಲೆ ಒಂದು ಪ್ರಬಂಧ ಬರೆಯಬೇಕಾಗಿ ಬಂತು. ಆಗ ಆರ್. ಕಲ್ಯಾಣಮ್ಮನವರ ಹೆಸರು ಸಿಕ್ಕಿತು. ಬಸ್ ಸ್ಟಾಪಿನ ಹೆಸರಿನ ಹಿಂದೆ ಒಬ್ಬ ಹೆಂಗಸಿನ ಇಡೀ ಜೀವಮಾನ ಇದೆ ಎಂದು ಅಂದೇ ನನಗೆ ತಿಳಿದದ್ದು.

ಕಲ್ಯಾಣಮ್ಮನವರು ಹುಟ್ಟಿದ್ದು 19ನೇ ಶತಮಾನದ ಕೊನೆಯ ದಶಕದಲ್ಲಿ. ಆ ಕಾಲದ ಸಂಪ್ರದಾಯದ ಮನೆಗಳಲ್ಲಿ ಹೆಣ್ಣು ಮಗುವಿಗೆ ಮದುವೆ ಎಂದರೆ ಏನೆಂದು ತಿಳಿಯುವ ಮೊದಲೇ ಮದುವೆ ಆಗಿಬಿಡುತ್ತಿತ್ತು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಗೆ ಒಂದು ಕಾನೂನು ಮಾಡಿತು. ಇತರ ಕಡೆಗಳಿಗಿಂತ ಮೊದಲೇ ಮಾಡಿತು ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಆ ಕಾನೂನು ತಡೆದದ್ದು 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು. 8 ತುಂಬಿದರೆ ಸಾಕು, ಬಹುತೇಕ ಮದುವೆಗಳಿಗೆ ಕಾನೂನಿನ ಅಡ್ಡಿ ಇರಲಿಲ್ಲ. ಕಲ್ಯಾಣಮ್ಮನವರಿಗೂ ಬಾಲ್ಯದಲ್ಲೇ ಮದುವೆಯಾಯಿತು, ಬಾಲ್ಯದಲ್ಲೇ ವೈಧವ್ಯವೂ ಬಂತು.

ಬಾಲವಿಧವೆಯ ಬದುಕು ಹೇಗಿರುತ್ತಿತ್ತು ಎಂದು ನಮ್ಮ ಊರಿನ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಹೂವಿಲ್ಲ, ಬಣ್ಣದ ಸೀರೆಯಿಲ್ಲ, ಶುಭಕಾರ್ಯಕ್ಕೆ ಎದುರು ಬರುವಂತಿಲ್ಲ. ಮನೆಯ ಕೆಲಸವೆಲ್ಲ ಅವಳ ಪಾಲು, ಮನೆಯ ಸಂತೋಷದಲ್ಲಿ ಮಾತ್ರ ಪಾಲಿಲ್ಲ. ಕುಂಟೆಬಿಲ್ಲೆ ಆಡುವ ವಯಸ್ಸಿನ ಮಗುವಿಗೆ ಮುದುಕಿಯ ಬದುಕನ್ನು ಕೊಟ್ಟುಬಿಡುತ್ತಿದ್ದರು. ಆ ಮೂಲೆಯಿಂದ ಎದ್ದು ಬರಲು ಇದ್ದ ಬಾಗಿಲು ಒಂದೇ, ಅದು ಅಕ್ಷರ. ಕಲ್ಯಾಣಮ್ಮನವರು ಆ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಓದಿದರು, ಬರೆಯುವುದನ್ನು ರೂಢಿಸಿಕೊಂಡರು, ಕಥೆ ಕಾದಂಬರಿಗಳನ್ನು ಬರೆದರು.

ಅವರೊಬ್ಬರೇ ಹೀಗೆ ಎದ್ದು ಬಂದವರಲ್ಲ. ನಂಜನಗೂಡಿನ ತಿರುಮಲಾಂಬ ಅವರೂ ಬಾಲವಿಧವೆಯೇ. 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ಕರ್ನಾಟಕ ನಂದಿನಿ ಎಂಬ ಪತ್ರಿಕೆಯನ್ನೂ ನಡೆಸಿದವರು. ಅದೇ 1913ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಪ್ಲೇಗು ಬಂದು ಹೋದ ಮೇಲೆ ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಹೊಸ ಮನೆಗಳು ಎದ್ದವು, ಓದುಬರಹ ಬಲ್ಲ ಕುಟುಂಬಗಳು ನೆಲೆಸಿದವು. ಆ ಬೀದಿಗಳಲ್ಲಿ ಏನೋ ಒಂದು ಹೊಸ ಗಾಳಿ ಬೀಸುತ್ತಿದ್ದ ಕಾಲ ಅದು. ಗಾಳಿ ಎಲ್ಲರಿಗೂ ಬೀಸುತ್ತದೆ. ಅದನ್ನು ಕೆಲಸವನ್ನಾಗಿ ಮಾಡಿದವರು ಕೆಲವರು.

1921ರಲ್ಲಿ ಕಲ್ಯಾಣಮ್ಮನವರು ಸರಸ್ವತಿ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರೇ ಅದರ ಸಂಪಾದಕಿ. ಈ ಮಾತನ್ನು ಬೇಗ ಓದಿ ಮುಂದೆ ಹೋಗಬಾರದು ಎಂದು ನನ್ನ ಕೋರಿಕೆ. ಈಗ ನಮ್ಮ ಶಾಲೆಯ ಈ ಒಂದು ಸಂಚಿಕೆಯನ್ನು ಹೊರತರಲು ಸಮಿತಿಯವರು ಎಷ್ಟು ಬಾರಿ ಸಭೆ ಸೇರಿದರು, ಎಷ್ಟು ಜನರಿಗೆ ಫೋನು ಮಾಡಿದರು ಎಂದು ನಾನು ಕಂಡಿದ್ದೇನೆ. ಆಗ ಫೋನು ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ ಪುಟ ಮಾಡಬೇಕು. ಲೇಖನಗಳಿಗೆ ಕಾಗದ ಬರೆಯಬೇಕು, ಕರಡು ತಿದ್ದಬೇಕು, ಚಂದಾ ಕೇಳಬೇಕು, ಅಂಚೆಗೆ ಹಾಕಬೇಕು. ಚಂದಾ ಬಾರದಿದ್ದರೂ ಮುದ್ರಣಾಲಯದವರಿಗೆ ಹಣ ಕೊಡಲೇಬೇಕು. ಎರಡನೇ ಮಹಾಯುದ್ಧದ ದಿನಗಳಲ್ಲಿ ಕಾಗದಕ್ಕೇ ಬರ ಬಂದಾಗ ಎಷ್ಟೋ ಪತ್ರಿಕೆಗಳು ಬಡವಾದವು. ಸರಸ್ವತಿ ಆ ಕಾಲವನ್ನೂ ದಾಟಿತು. ಗಂಡಸರು ಆರಂಭಿಸಿದ ಎಷ್ಟೋ ಪತ್ರಿಕೆಗಳು ಎರಡು ಮೂರು ವರ್ಷಕ್ಕೆ ನಿಂತುಹೋಗುತ್ತಿದ್ದ ನಾಡಿನಲ್ಲಿ, ಬಾಲವಿಧವೆಯೊಬ್ಬರು 40 ವರ್ಷಕ್ಕೂ ಮೇಲ್ಪಟ್ಟು ತಿಂಗಳು ತಿಂಗಳು ಪತ್ರಿಕೆ ತಂದರು.

ಆ ಪತ್ರಿಕೆ ಯಾರಿಗಾಗಿ? ಶಾಲೆ ಬಿಟ್ಟು ಅಡುಗೆಮನೆ ಸೇರಿದ ಹೆಣ್ಣುಮಕ್ಕಳಿಗಾಗಿ. ಹೊರಗಿನ ಲೋಕದ ಸುದ್ದಿ ಅವರಿಗೆ ತಲುಪಲು ಇದ್ದ ದಾರಿಗಳು ಕೆಲವೇ, ಪತ್ರಿಕೆ ಅವುಗಳಲ್ಲಿ ಒಂದು. ಓದಲು ಒಂದು ಪುಸ್ತಕ ಸಿಗುವುದು ಒಂದು ಸಂತೋಷ. ತಾನು ಬರೆದದ್ದು ಅಚ್ಚಾಗಿ ತನ್ನ ಹೆಸರನ್ನು ಕಾಣುವುದು ಅದಕ್ಕಿಂತ ದೊಡ್ಡದು. ಹೆಂಗಸರು ಬರೆಯುವುದೇ ಅಪರೂಪವಾಗಿದ್ದಾಗ ಬರೆಯಿರಿ ಎಂದು ಪುಟ ತೆರೆದಿಟ್ಟ ಪತ್ರಿಕೆ ಅದು. ಸಾಹಿತ್ಯ ಪರಿಷತ್ತಿನ ಮಹಿಳಾ ಶಾಖೆಯಲ್ಲಿಯೂ ಅವರು ಮುಂದೆ ನಿಂತು ದುಡಿದರು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಆಸ್ತಿಹಕ್ಕಿಗೆ ಕಾನೂನು ಮಾಡಿತು. ಅಂತಹ ಕಾನೂನು ಬಂದಿದೆ ಎಂಬುದಾದರೂ ಮನೆಯೊಳಗಿನ ಹೆಂಗಸಿಗೆ ತಿಳಿಯಬೇಕಲ್ಲ! ಕಾನೂನಿಗೂ ಅಡುಗೆಮನೆಗೂ ನಡುವೆ ಪತ್ರಿಕೆ, ಸಮಾಜ, ಸಂಘಗಳು ಇರಲೇಬೇಕಾಗುತ್ತದೆ.

1938ರಲ್ಲಿ ಅವರು ಮಕ್ಕಳ ಕೂಟವನ್ನು ಸ್ಥಾಪಿಸಿದರು. ಅಂದಿನ ದಿನಗಳನ್ನು ನೆನೆಸಿಕೊಳ್ಳಿ. ಅದೇ ವರ್ಷ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದಲ್ಲಿ ಗೋಲಿಬಾರು. ನಾಡಿನ ಕಣ್ಣೆಲ್ಲ ರಾಜಕೀಯದ ಮೇಲೆ ಇದ್ದಾಗ, ಮಕ್ಕಳು ಸಂಜೆ ಹೊತ್ತು ಎಲ್ಲಿ ಆಡಬೇಕು, ಏನು ಹಾಡಬೇಕು ಎಂದು ಯೋಚಿಸಿದವರು ಇವರು. ಮಕ್ಕಳಿಗೆ ಶಾಲೆ ಇತ್ತಲ್ಲ ಎಂದು ಕೇಳಬಹುದು. ಆ ಕಾಲದ ಶಾಲೆ ಎಂದರೆ ಮಗ್ಗಿ, ಬಾಯಿಪಾಠ, ಬೆತ್ತ. ಮನೆ ಎಂದರೆ ಸುಮ್ಮನಿರು ಎಂಬ ಮಾತು. ಮಕ್ಕಳಿಗೂ ಒಂದು ಮನಸ್ಸಿದೆ, ಅದಕ್ಕೆ ಆಟ, ಹಾಡು, ಕಥೆ, ನಾಟಕ ಬೇಕು ಎಂಬುದು ಆಗ ಹೊಸ ಮಾತು. ಪಂಜೆ ಮಂಗೇಶರಾಯರು, ರಾಜರತ್ನಂ ಮುಂತಾದವರು ಮಕ್ಕಳಿಗಾಗಿ ಬರೆದರು. ಮಕ್ಕಳು ಬಂದು ಸೇರಲು ಒಂದು ಜಾಗವನ್ನು ಕಲ್ಯಾಣಮ್ಮನವರು ಕಟ್ಟಿದರು. ಪರೀಕ್ಷೆಯಿಲ್ಲದ, ಪಾಸು ಫೇಲು ಇಲ್ಲದ ಜಾಗ.

ಅದು ಸರ್ಕಾರದ ಇಲಾಖೆಯಲ್ಲ, ಸಂಸ್ಥೆ. ಸಂಸ್ಥೆ ನಡೆಸಿದವರಿಗೆ ಗೊತ್ತು, ಅಲ್ಲಿ ಪ್ರೀತಿ ಒಂದರಿಂದಲೇ ದೀಪ ಉರಿಯುವುದಿಲ್ಲ. ಜಾಗ ಬೇಕು, ಕಟ್ಟಡ ಬೇಕು, ಲೆಕ್ಕ ಸರಿಯಿರಬೇಕು, ದಾನಿಗಳ ಬಾಗಿಲು ತಟ್ಟಬೇಕು. ಒಮ್ಮೆ ತಟ್ಟಿದರೆ ಸಾಲದು, ಮತ್ತೆ ಮತ್ತೆ ತಟ್ಟಬೇಕು. ಪತ್ರಿಕೆ ನಡೆಸಿ ಕಲಿತ ಶಿಸ್ತು ಅವರಿಗೆ ಇಲ್ಲಿ ಒದಗಿ ಬಂದಿರಬೇಕು ಎಂದು ನಾನು ಊಹಿಸುತ್ತೇನೆ. ಆರಂಭದ ಉತ್ಸಾಹ ಎಲ್ಲರಿಗೂ ಇರುತ್ತದೆ. ಐದನೆಯ ವರ್ಷ, ಹತ್ತನೆಯ ವರ್ಷ ಬಾಗಿಲು ತೆಗೆಯುವವರು ಯಾರು ಎಂಬುದೇ ಪ್ರಶ್ನೆ.

ಸ್ವಂತ ಬಾಲ್ಯವನ್ನು ಕಳೆದುಕೊಂಡವರಲ್ಲಿ ಕೆಲವರು ಕಹಿಯಾಗುತ್ತಾರೆ. ನನಗೆ ಸಿಗದ್ದು ಇವರಿಗೇಕೆ ಎಂಬ ಕಹಿ. ಎಷ್ಟೋ ಮನೆಗಳಲ್ಲಿ ಅತ್ತೆಯಂದಿರು ಸೊಸೆಯಂದಿರಿಗೆ, ಅಜ್ಜಿಯರು ಮೊಮ್ಮಕ್ಕಳಿಗೆ ಇದನ್ನೇ ದಾಟಿಸಿದ್ದನ್ನು ನಾವು ನೋಡಿದ್ದೇವೆ. ಕಲ್ಯಾಣಮ್ಮನವರು ಹಾಗೆ ಆಗಲಿಲ್ಲ. ತಮಗೆ ಸಿಗದೆ ಹೋದದ್ದನ್ನೇ ಕಟ್ಟಿ ಬೇರೆಯವರ ಮಕ್ಕಳಿಗೆ ಕೊಟ್ಟರು. ಅವರ ಜೀವನದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದು.

1965ರಲ್ಲಿ ಅವರು ತೀರಿಕೊಂಡರು. ಅದಾದ 10 ವರ್ಷಕ್ಕೆ, 1975ರಲ್ಲಿ, ಕೇಂದ್ರ ಸರ್ಕಾರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ ಅದು ಮೊದಲು ಬಂತು. ಈಗ ಅಂಗನವಾಡಿ ಇಲ್ಲದ ಊರಿಲ್ಲ. ತಾಯಿ ಮಕ್ಕಳ ಹೊಣೆ ಮನೆಯವರದಷ್ಟೇ ಅಲ್ಲ, ಸಮಾಜದ್ದೂ ಹೌದು ಎಂದು ಸರ್ಕಾರ ಒಪ್ಪಿಕೊಳ್ಳುವ ಮೊದಲೇ ಅದನ್ನು ನಂಬಿ ನಡೆದವರು ಇಂಥ ಹೆಂಗಸರು.

ಈಗ ನಮ್ಮ ಶಾಲೆಯ ಮಾತು. ಎಂಟನೆಯ ತರಗತಿಯಲ್ಲಿ ನಾವು 11 ಮಂದಿ ಹುಡುಗಿಯರಿದ್ದೆವು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು ನಾಲ್ವರು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಲೆಕ್ಕದಲ್ಲಿ ನನಗಿಂತ ಎಷ್ಟೋ ಮುಂದು. ಒಂಬತ್ತನೆಯ ತರಗತಿಯ ಬೇಸಿಗೆ ರಜೆ ಮುಗಿದು ಬಂದಾಗ ಅವಳ ಜಾಗ ಖಾಲಿ ಇತ್ತು. ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮದುವೆಯ ವಯಸ್ಸನ್ನು ಹೆಣ್ಣಿಗೆ 18ಕ್ಕೆ ಏರಿಸಿದ ಕಾನೂನು ಬಂದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಅವಳ ಸೊಂಟದ ಮೇಲೊಂದು ಮಗು ಇತ್ತು. ಕಲ್ಯಾಣಮ್ಮನವರ ಮಕ್ಕಳ ಕೂಟ ನಮ್ಮ ಊರಿನಿಂದ ಒಂದು ಗಂಟೆಯ ಬಸ್ ದಾರಿ. ಆದರೂ ಪೇಟೆಯ ಆ ಬಾಗಿಲು ನಮಗೆ ದೂರವೇ ಆಗಿತ್ತು. ಅಂಥ ಬಾಗಿಲು ಒಂದಿದ್ದರೆ ಸಾಲದು, ಊರಿಗೊಂದು ಬೇಕು. ನಮ್ಮೂರಿನಲ್ಲಿ ಇದ್ದ ಅಂಥ ಬಾಗಿಲು ಈ ಶಾಲೆಯದೊಂದೇ. ಅದೂ ಸಂಜೆ ನಾಲ್ಕೂವರೆಗೆ ಮುಚ್ಚುತ್ತಿತ್ತು.

ಈಗ ರಾಗಿ ಹೊಲವೂ ಇಲ್ಲ, ಅವರೆ ಸಾಲೂ ಇಲ್ಲ. ಊರು ಬಡಾವಣೆಯ ನಡುವೆ ಕರಗಿದೆ. ನಮ್ಮ ಮಕ್ಕಳು ಖಾಸಗಿ ಶಾಲೆಗಳಿಗೆ ಹೋಗುತ್ತಾರೆ. ಈ ಶಾಲೆಯ ಬೆಂಚುಗಳಲ್ಲಿ ಈಗ ಕೂರುವವರು ಕಟ್ಟಡದ ಕೆಲಸಕ್ಕೆ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರ ಮಕ್ಕಳು. ತಾಯಿ ಬರುವುದು ರಾತ್ರಿ ಏಳಕ್ಕೆ. ನಾಲ್ಕೂವರೆಯಿಂದ ಏಳರವರೆಗೆ ಆ ಹುಡುಗಿ ಎಲ್ಲಿರಬೇಕು? ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ಮೆಲ್ಲಗೆ ಶಾಲೆಗೇ ಬಾರದಂತಾಗುತ್ತಾಳೆ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಹಾಜರಿ ಪುಸ್ತಕದಲ್ಲಿ ಆ ಖಾಲಿ ಚೌಕಗಳನ್ನು ನನ್ನ ಕೈಯಿಂದಲೇ ತುಂಬಿದ್ದೇನೆ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಲ್ಲಿನ ಕಮಾನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಯೋಚಿಸಿದ್ದಾರೆ. ಒಳ್ಳೆಯದೇ, ನಾನು ಬೇಡವೆನ್ನುವುದಿಲ್ಲ. ಆದರೆ ಅದರ ಜೊತೆಗೆ, ಸಾಧ್ಯವಾದರೆ ಅದಕ್ಕಿಂತ ಮೊದಲು, ಶಾಲೆಯ ಒಂದು ಕೋಣೆಯನ್ನು ಸಂಜೆ ಏಳರವರೆಗೆ ತೆರೆದಿಡುವ ವ್ಯವಸ್ಥೆಯಾಗಲಿ. ನಾಲ್ಕು ಕಪಾಟು ಕಥೆಪುಸ್ತಕ, ಒಂದು ಕೇರಂ ಬೋರ್ಡು, ಎರಡು ದೀಪ, ಸರದಿಯ ಮೇಲೆ ಬಂದು ಕೂರುವ ನಾಲ್ಕು ಜನ ಇದ್ದರೆ ಸಾಕು. ತಮ್ಮ ತಂಗಿಯರನ್ನೂ ಕರೆದುಕೊಂಡು ಬರಲು ಮಕ್ಕಳಿಗೆ ಅನುಮತಿ ಇರಲಿ. ಮುಖ್ಯೋಪಾಧ್ಯಾಯರು ಒಪ್ಪಿದರೆ ವಾರದಲ್ಲಿ ಎರಡು ದಿನ ಕೂರಲು ನಾನು ಸಿದ್ಧಳಿದ್ದೇನೆ. ಉಳಿದ ದಿನಗಳಿಗೆ ಹೆಸರು ಕೊಡುವವರು ಸಮಾರಂಭದ ದಿನ ನನ್ನನ್ನು ಕಂಡು ಹೇಳಬೇಕಾಗಿ ಕೋರುತ್ತೇನೆ.