ನಾಟಕರತ್ನ ಗುಬ್ಬಿ ವೀರಣ್ಣ

ಗುಬ್ಬಿ ವೀರಣ್ಣನವರು 1891ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಜನಿಸಿದರು. 1884ರಲ್ಲಿ ಶುರುವಾಗಿದ್ದ ಗುಬ್ಬಿ ನಾಟಕ ಕಂಪನಿಗೆ ಚಿಕ್ಕ ಹುಡುಗನಾಗಿರುವಾಗಲೇ ಸೇರಿದರು. 1917ರಲ್ಲಿ ಅವರೇ ಅದರ ಯಜಮಾನರಾದರು.

ನಮ್ಮಲ್ಲಿ ಆಟದ ಮೇಳ ತಿರುಗುವ ಹಾಗೆ ಅವರ ಕಂಪನಿಯೂ ಪರದೆ, ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿತ್ತು. 'ಸದಾರಮೆ' ನಾಟಕದಲ್ಲಿ ಅವರ ಕಳ್ಳನ ಪಾರ್ಟು ನೋಡಿ ಜನ ಹೊಟ್ಟೆ ಹುಣ್ಣಾಗುವಷ್ಟು ನಗಾಡುತ್ತಿದ್ದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು! ಗಂಡಸರೇ ಸೀರೆ ಉಟ್ಟು ಹೆಣ್ಣು ಪಾರ್ಟು ಮಾಡುತ್ತಿದ್ದ ಆ ಕಾಲದಲ್ಲಿ ಹೆಂಗಸರಿಗೂ ಪಾರ್ಟು ಕೊಟ್ಟರು.

ನಮ್ಮ ಕರಾವಳಿಯ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಈ ಕಂಪನಿ ಸೇರಿದ್ದರು. ವೀರಣ್ಣನವರು ಅವರಿಂದ ಬರೀ ಪಾರ್ಟು ಮಾಡಿಸಿ ಸುಮ್ಮನಾಗಲಿಲ್ಲ. ಎಂ.ಎ. ಓದಲು ಕಾಶಿಗೆ ಕಳುಹಿಸಿದರು. ಮುಂದೆ ಕಾರಂತರು ದೇಶಕ್ಕೇ ಹೆಸರಾದ ನಾಟಕ ನಿರ್ದೇಶಕರಾದರು. ಡಾ. ರಾಜ್‌ಕುಮಾರ್ ಕೂಡ ಮೊದಲು ಇದೇ ಕಂಪನಿಯಲ್ಲಿ ಪಾರ್ಟು ಮಾಡಿದವರು. ಅವರು ಹೀರೋ ಆದ ಮೊದಲ ಸಿನೆಮಾ, 1954ರ 'ಬೇಡರ ಕಣ್ಣಪ್ಪ'ವನ್ನು ತಯಾರಿಸಿದ್ದರಲ್ಲೂ ವೀರಣ್ಣನವರ ಪಾಲಿತ್ತು.

1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು. ತಾನೊಬ್ಬ ಮೇಲೆ ಬಂದರೆ ಸಾಲದು, ಜೊತೆಯವರನ್ನೂ ಕೈಹಿಡಿದು ಮೇಲೆ ತರಬೇಕು ಅಂತ ನಾವು ಅವರಿಂದ ಕಲಿಯಬೇಕು.