ಕಣ್ಣಿನೊಳಗಿನ ದಾರಿಯನ್ನು ಬರೆದವನು

ಮಗನು ಬಣ್ಣ ಕುಂಚಗಳ ಹಿಂದೆ ಬಿದ್ದರೆ ಹೊಟ್ಟೆಗೇನು ಮಾಡಿಯಾನು ಎಂಬ ಚಿಂತೆ ಎಲ್ಲ ತಂದೆಯರಿಗೂ ಉಂಟು. 1852ರಲ್ಲಿ ಸ್ಪೇನ್ ದೇಶದ ಪೆಟಿಲ್ಲಾ ಎಂಬ ಹಳ್ಳಿಯಲ್ಲಿ ಹುಟ್ಟಿದ ಸಾಂತಿಯಾಗೊ ರಮೋನ್ ಇ ಕಹಾಲನ ತಂದೆಗೂ ಅದೇ ಚಿಂತೆ. ಶಸ್ತ್ರವೈದ್ಯನಾದ ಆತನು ಮಗನ ಚಿತ್ರದ ಹುಚ್ಚನ್ನು ಬಿಡಿಸಲೆಂದು ಕ್ಷೌರಿಕನ ಬಳಿಯಲ್ಲಿಯೂ ಜೋಡು ಹೊಲಿಯುವವನ ಬಳಿಯಲ್ಲಿಯೂ ಕೆಲಸಕ್ಕಿಟ್ಟನು. ಹುಚ್ಚು ಬಿಡಲಿಲ್ಲ. ಕೊನೆಗೆ ಮನುಷ್ಯರ ಮೂಳೆಗಳನ್ನು ಮುಂದಿಟ್ಟು ಪಾಠ ಹೇಳಿದಾಗ, ಹುಡುಗನು ಅವುಗಳ ಚಿತ್ರ ಬರೆಯುತ್ತಲೇ ಅಂಗರಚನೆಯನ್ನು ಕಲಿತನು. 1873ರಲ್ಲಿ ವೈದ್ಯನೂ ಆದನು.

ನರಗಳೆಲ್ಲ ಒಂದಕ್ಕೊಂದು ಬೆಸೆದ ಒಂದೇ ಬಲೆಯೆಂದು ಆಗಿನ ಪಂಡಿತರಲ್ಲಿ ಬಹುಮಂದಿ ನಂಬಿದ್ದರು. ಇಟಲಿಯ ಗಾಲ್ಜಿಯು ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ಕ್ರಮವನ್ನು ಕಂಡುಹಿಡಿದಿದ್ದನು. ಸಾವಿರಾರು ಕೋಶಗಳಲ್ಲಿ ಕೆಲವೇ ಕೆಲವಕ್ಕೆ ಬಣ್ಣ ಹಿಡಿಯುವುದರಿಂದ ಒಂದೊಂದರ ಆಕಾರವೂ ಸ್ಪಷ್ಟವಾಗಿ ಕಾಣುತ್ತಿತ್ತು. ಕಹಾಲನು ಇದನ್ನು 1887ರಲ್ಲಿ ಕಂಡನು. ಮರುವರ್ಷವೇ ಬಾರ್ಸಿಲೋನಾದಲ್ಲಿ, ಪ್ರತಿ ನರಕೋಶವೂ ಬೇರೆ ಬೇರೆ, ಒಂದನ್ನೊಂದು ಮುಟ್ಟುವಂತಿದ್ದರೂ ಬೆಸೆದುಕೊಂಡಿಲ್ಲ ಎಂದು ಸಾರಿದನು.

ಅವನ ಪ್ರತಿಭೆ ಬೆಳಗಿದ್ದು ಅಕ್ಷಿಪಟದ ಚಿತ್ರಗಳಲ್ಲಿ. ಬೆಳಕನ್ನು ಹಿಡಿಯುವ ಕೋಶಗಳು, ನಡುವಣ ಕೋಶಗಳು, ಮಿದುಳಿಗೆ ತಂತುಗಳನ್ನು ಕಳಿಸುವ ಕೋಶಗಳು ಹೀಗೆ ಪದರಪದರವಾಗಿ ಬರೆದು, ಸುದ್ದಿ ಸಾಗುವ ದಿಕ್ಕನ್ನು ಬಾಣದ ಗುರುತಿನಿಂದ ಸೂಚಿಸಿದನು. ಹಕ್ಕಿಯ ಕಣ್ಣಿನಲ್ಲಿ ಮಿದುಳಿನಿಂದ ಹಿಂದಕ್ಕೆ ಬರುವ ತಂತುಗಳೂ ಕಂಡವು. ತನ್ನ ಸರಳವಾದ ಬಾಣಗಳಿಗೆ ಅವು ತೊಡಕಾದರೂ ಮುಚ್ಚಿಡದೆ ಅವನ್ನೂ ಬರೆದನು.

1906ರಲ್ಲಿ ನೊಬೆಲ್ ಪಾರಿತೋಷಕವು ಅವನಿಗೂ ಗಾಲ್ಜಿಗೂ ಸೇರಿ ಬಂದಿತು. ಆ ಸಮಾರಂಭದ ಉಪನ್ಯಾಸದಲ್ಲಿಯೇ ಗಾಲ್ಜಿಯು ಕಹಾಲನ ಸಿದ್ಧಾಂತವನ್ನು ಖಂಡಿಸಿದನು. ಕಹಾಲನು 1934ರಲ್ಲಿ ತೀರಿಕೊಂಡನು. ನರಕೋಶಗಳ ನಡುವಿನ ಸಂದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕಣ್ಣಾರೆ ತೋರಿಸಿದ್ದು 1950ರ ದಶಕದಲ್ಲಿ.

ಮುಂದೆ 1959ರಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬವರು, ಬೆಕ್ಕಿನ ಮಿದುಳಿನ ಕೆಲವು ಕೋಶಗಳು ಒಂದೊಂದೂ ಒಂದೊಂದು ಓರೆಯ ಗೆರೆಗೆ ಎಚ್ಚರಗೊಳ್ಳುವುದನ್ನು ತೋರಿಸಿದರು. ಅದನ್ನನುಸರಿಸಿ 1980ರಲ್ಲಿ ಜಪಾನಿನ ಫುಕುಶಿಮಾ ಎಂಬವರು, ಪದರಪದರವಾದ ಕೃತಕ ಕೋಶಗಳಿಂದ ಅಕ್ಷರಗಳನ್ನು ಗುರುತಿಸುವ ಮಾದರಿಯೊಂದನ್ನು ಕಟ್ಟಿದರು. ಚಿತ್ರಗಳನ್ನು ಗುರುತಿಸುವ ಇಂದಿನ ಯಂತ್ರಗಳು ಈ ಪರಂಪರೆಗೆ ಸೇರಿದವು. ಆದರೆ ಇವುಗಳಲ್ಲಿ ಬಹುಪಾಲು ಮುಂದಕ್ಕೆ ಹೋಗುವ ಬಾಣಗಳನ್ನೇ ಅನುಸರಿಸಿವೆ. ಹಿಂದಕ್ಕೆ ಬರುವ ದಾರಿಗಳನ್ನು ಅರಿಯುವ ಕೆಲಸ ಇನ್ನೂ ನಡೆದಿದೆ.

ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಈ ವಿಜ್ಞಾನಿಯು ಹತ್ತಿರದವನೆನಿಸಲು ಕಾರಣವಿದೆ. ತಂದೆಯು ಬೇಡವೆಂದ ಆ ಚಿತ್ರದ ಕೈಯೇ ಅವನ ಶಾಸ್ತ್ರಕ್ಕೆ ಆಧಾರವಾಯಿತು. ನಮ್ಮಲ್ಲಿಯೂ ಪಾಠದ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುವ ಗೆಳೆಯರಿದ್ದಾರೆ. ಅವರನ್ನು ಗದರಿಸುವ ಮುನ್ನ ಹಿರಿಯರು ಕಹಾಲನನ್ನು ಒಮ್ಮೆ ನೆನೆಯಲಿ ಎಂದು ನನ್ನ ಬಿನ್ನಹ.